ಸಂಬಳ ನಿಂತಿತು

ಚೀನಾದ ಹಳೆಯ ಆಚಾರಗ್ರಂಥ 'ಲಿ ಜಿ'ಯಲ್ಲಿ ಸಾವಿಗೆ ಐದು ಮಾತುಗಳಿವೆ. ಚಕ್ರವರ್ತಿ ಸತ್ತರೆ ಬೆಟ್ಟ ಕುಸಿಯಿತು ಎನ್ನಬೇಕು. ಸಾಮಂತನಿಗೆ ಬೇರೆ ಪದ, ದೊಡ್ಡ ಅಧಿಕಾರಿಗೆ ಇನ್ನೊಂದು. ಅವನಿಗಿಂತ ಕೆಳಗಿನ, ಓದುಬರಹ ಬಲ್ಲ ಸಣ್ಣ ಹುದ್ದೆಯವನು ಸತ್ತರೆ 'ಬು ಲು'. ಹಾಗೆಂದರೆ ಸಂಬಳ ನಿಂತಿತು ಎಂದರ್ಥ. ಇನ್ನು ಹೊಲ ಉಳುವವನು, ಭಾರ ಹೊರುವವನು? ಅವನು ಸುಮ್ಮನೆ ಸತ್ತ. ಅದಕ್ಕೆ ಅಲಂಕಾರ ಬೇಕಿಲ್ಲ.

ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ನಮ್ಮಲ್ಲೂ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಊರಿನ ದೊಡ್ಡವರು ದೈವಾಧೀನರಾಗುತ್ತಾರೆ, ಪಕ್ಕದ ಮನೆಯ ಅಜ್ಜ ತೀರಿಕೊಳ್ಳುತ್ತಾರೆ, ಕೂಲಿಯವನು ಸತ್ತುಹೋಗುತ್ತಾನೆ. ಪತ್ರಿಕೆಯ ಒಂದೇ ಪುಟದಲ್ಲಿ ಯಾರಿಗೆ 'ನಿಧನ', ಯಾರಿಗೆ 'ಸಾವು' ಎಂದು ನೋಡಿದರೆ ಸಾಕು. ಆದರೆ ಆ ಐದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಬು ಲು'. ಒಬ್ಬ ಮನುಷ್ಯ ಹೋದ ಎನ್ನುವುದನ್ನು ಸಂಬಳದ ಲೆಕ್ಕದಲ್ಲಿ ಹೇಳಬಹುದು ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಯಾರಿಗೋ ಹೊಳೆದಿತ್ತಲ್ಲ!

1912ರಲ್ಲಿ ಚಕ್ರವರ್ತಿ ಗದ್ದುಗೆ ಬಿಟ್ಟ. 1949ರಲ್ಲಿ ಕಮ್ಯುನಿಸ್ಟರ ಆಳ್ವಿಕೆ ಬಂದ ಮೇಲೆ ಎಲ್ಲರೂ ಕಾಮ್ರೇಡ್‌ಗಳಾದರು. ಸಾವಿನ ಪದಗಳಲ್ಲಿದ್ದ ಮೆಟ್ಟಿಲುಗಳು ಹೋದವು. ಹೋದದ್ದು ಪದಗಳು ಮಾತ್ರ, ಮೆಟ್ಟಿಲುಗಳು ಅಂಕಿಗಳ ರೂಪದಲ್ಲಿ ಉಳಿದವು. ಇವತ್ತು ಚೀನಾದಲ್ಲಿ ದುಡಿಯುತ್ತಾ ಸತ್ತವನು ಎಷ್ಟು ದುಡಿದಿದ್ದ ಎಂದು ಕೇಳುವ ಮೊದಲು ಅವನ ಹೆಸರು ಯಾವ ದಫ್ತರದಲ್ಲಿತ್ತು ಎಂದು ಕೇಳುತ್ತಾರೆ. ಅಲ್ಲಿನ ಯುವಕರು ಸರ್ಕಾರಿ ಪರೀಕ್ಷೆಗೆ ಮುಗಿಬೀಳುವುದು, 'ಚಾಪೆ ಹಾಸಿ ಮಲಗಿಬಿಡುತ್ತೇವೆ' ಎನ್ನುವುದು, ದೇವಸ್ಥಾನಗಳಿಗೆ ಎಡತಾಕುವುದು ಎಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತಿವೆ ಎಂದು ನನ್ನ ಅಂದಾಜು.

ಮೊದಲು ಚೊಂಗ್‌ಚಿಂಗ್ ನಗರದ ಒಂದು ಪ್ರಕರಣ ನೋಡೋಣ. 2005ರ ಡಿಸೆಂಬರ್. ಮೂವರು ಶಾಲಾ ಹುಡುಗಿಯರು ಒಂದೇ ಮೂರು ಚಕ್ರದ ಗಾಡಿಯಲ್ಲಿ ಹೊರಟಿದ್ದರು. ಲಾರಿ ಅಪಘಾತ, ಮೂವರೂ ಸತ್ತರು. ಇಬ್ಬರ ಮನೆಯವರಿಗೆ ತಲಾ 2 ಲಕ್ಷ ಯುವಾನ್‌ಗಿಂತ ಹೆಚ್ಚು ಪರಿಹಾರ ಬಂತು. ಮೂರನೆಯವಳ ಮನೆಗೆ ಅದರ ಅರ್ಧವೂ ಬರಲಿಲ್ಲ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಕ್ಷಣ. ವ್ಯತ್ಯಾಸ ಇದ್ದದ್ದು ಹುಕೋದಲ್ಲಿ, ಅಂದರೆ ಕುಟುಂಬದ ನೋಂದಣಿ ಪುಸ್ತಕದಲ್ಲಿ. ಆ ಹುಡುಗಿಯ ಮನೆಯವರು ವರ್ಷಗಳಿಂದ ಪಟ್ಟಣದಲ್ಲೇ ಬದುಕುತ್ತಿದ್ದರೂ ಪುಸ್ತಕದಲ್ಲಿ 'ಹಳ್ಳಿಯವರು' ಎಂದಿತ್ತು.

ಹುಕೋ ವ್ಯವಸ್ಥೆ ಈಗಿನ ರೂಪಕ್ಕೆ ಬಂದದ್ದು 1958ರಲ್ಲಿ. ನಗರದವರಿಗೆ ಪಡಿತರ, ಮನೆ, ಪಿಂಚಣಿ, ಹಳ್ಳಿಯವರಿಗೆ ಹೊಲ. ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭವಿರಲಿಲ್ಲ, ಮಕ್ಕಳಿಗೂ ಅದೇ ಹಣೆಪಟ್ಟಿ. ಜಾತಿ ಪ್ರಮಾಣಪತ್ರ ನೋಡಿ ಬೆಳೆದ ನಮಗೆ ಹುಟ್ಟಿನಿಂದ ಬರುವ ಕಾಗದದ ತೂಕ ಗೊತ್ತು. ಆದರೆ ಇದನ್ನು ಜಾತಿ ಎಂದುಬಿಟ್ಟರೆ ತಪ್ಪಾಗುತ್ತದೆ. ಇದು ಹಳೆಯ ಸಮಾಜದಿಂದ ಬಂದದ್ದಲ್ಲ, ಹೊಸ ಸರ್ಕಾರವೇ ಯೋಜನೆ ಹಾಕಿ ಕಟ್ಟಿದ್ದು.

ಪರಿಹಾರದ ಗಣಿತ ಹೀಗಿತ್ತು. ಅಪಘಾತದಲ್ಲಿ ಸತ್ತವರ ಪರಿಹಾರ ಎಂದರೆ 20 ವರ್ಷಗಳ ಆದಾಯ ಎಂದು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಸೂತ್ರ ಕೊಟ್ಟಿತು. ಯಾರ ಆದಾಯ? ನಗರದ ಹುಕೋ ಇದ್ದರೆ ನಗರದ ಸರಾಸರಿ, ಹಳ್ಳಿಯ ಹುಕೋ ಇದ್ದರೆ ಹಳ್ಳಿಯ ಸರಾಸರಿ. ಆಗ ಎರಡರ ನಡುವೆ ಮೂರು ಪಟ್ಟಿಗೂ ಹೆಚ್ಚಿನ ಅಂತರವಿತ್ತು. ಇನ್ನೂ ಒಂದು ದಿನವೂ ದುಡಿಯದ ಶಾಲಾ ಹುಡುಗಿಯ ಜೀವಕ್ಕೂ, ಅವಳು ಮುಂದೆ ಎಷ್ಟು ದುಡಿಯಬಹುದಿತ್ತು ಎಂಬುದನ್ನು ಅವಳ ಪುಸ್ತಕ ನೋಡಿ ಲೆಕ್ಕ ಹಾಕಿದರು. ಜನ ಇದಕ್ಕೆ 'ಒಂದೇ ಜೀವ, ಬೇರೆ ಬೇರೆ ಬೆಲೆ' ಎಂದು ಹೆಸರಿಟ್ಟರು. ಕೂಗು ಎದ್ದಿತು. ಒಂದೇ ಘಟನೆಯಲ್ಲಿ ಹಲವರು ಸತ್ತರೆ ಸಮಾನ ಮೊತ್ತ ಕೊಡಬಹುದು ಎಂದು 2010ರ ಜುಲೈನಿಂದ ಜಾರಿಗೆ ಬಂದ ಕಾನೂನು ಹೇಳಿತು. ಕೊಡಬಹುದು, ಅಷ್ಟೇ. ಎಲ್ಲರಿಗೂ ನಗರದ ಲೆಕ್ಕವೇ ಎಂದು ನಿಯಮ ಬದಲಾದದ್ದು 2022ರ ಮೇ 1ರಿಂದ. ಆ ಹುಡುಗಿಯರು ಸತ್ತು ಹದಿನಾರು ವರ್ಷ ಕಳೆದಿತ್ತು.

ಇದು ಗೆಲುವೇ. ಸಣ್ಣದೇನೂ ಅಲ್ಲ. ಆದರೆ ಹಳ್ಳಿ-ನಗರದ ಗೆರೆ ಅಳಿಸುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಗೆರೆ ದಪ್ಪವಾಗುತ್ತಾ ಬಂದಿತ್ತು: ನೀನು ನೌಕರನೋ ಅಲ್ಲವೋ?

ನೌಕರನಾಗಿ ಸತ್ತರೆ ಏನಾಗುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಯಾಕೆಂದರೆ ಅಲ್ಲಿಯೂ ಒಂದು ಗಡಿಯಾರ ಓಡುತ್ತಿರುತ್ತದೆ. 2004ರಿಂದ ಜಾರಿಯಲ್ಲಿರುವ ಕೆಲಸದ ಗಾಯದ ವಿಮಾ ನಿಯಮಾವಳಿಯ 15ನೇ ಕಲಮು ಹೇಳುವುದಿಷ್ಟು. ಕೆಲಸದ ವೇಳೆಯಲ್ಲಿ, ಕೆಲಸದ ಜಾಗದಲ್ಲಿ ಹಠಾತ್ತನೆ ಕಾಯಿಲೆ ಬಿದ್ದು ಅಲ್ಲೇ ಸತ್ತರೆ, ಅಥವಾ 48 ಗಂಟೆಯೊಳಗೆ ಚಿಕಿತ್ಸೆ ಫಲಿಸದೆ ಸತ್ತರೆ, ಅದನ್ನು ಕೆಲಸದಿಂದಾದ ಸಾವೆಂದೇ ಪರಿಗಣಿಸಬೇಕು. ಆಗ ಕುಟುಂಬಕ್ಕೆ ದೇಶದ ನಗರವಾಸಿಗಳ ಹಿಂದಿನ ವರ್ಷದ ಸರಾಸರಿ ಆದಾಯದ 20 ಪಟ್ಟು ಒಂದೇ ಕಂತಿನಲ್ಲಿ ಸಿಗುತ್ತದೆ. 2024ರ ಲೆಕ್ಕದಲ್ಲಿ ಅದು 10,36,420 ಯುವಾನ್, ನಮ್ಮ ದುಡ್ಡಿನಲ್ಲಿ ಒಂದು ಕೋಟಿ ರೂಪಾಯಿಗೂ ಮೇಲೆ. ಇದರ ಜೊತೆಗೆ ಅಂತ್ಯಕ್ರಿಯೆಯ ವೆಚ್ಚ, ಅವಲಂಬಿತರಿಗೆ ತಿಂಗಳ ಭತ್ಯೆ.

ಮಾನವೀಯ ನಿಯಮದಂತೆಯೇ ಕಾಣುತ್ತದೆ. ಈಗ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಇದನ್ನೇ ಇನ್ನೊಮ್ಮೆ ಓದಿ. ಗಂಡನಿಗೆ ಕಚೇರಿಯಲ್ಲಿ ಮಿದುಳಿನ ರಕ್ತಸ್ರಾವವಾಗಿದೆ. ವೈದ್ಯರು ಆಸೆ ಕಡಿಮೆ ಎಂದಿದ್ದಾರೆ. ವೆಂಟಿಲೇಟರ್ ಉಸಿರಾಡುತ್ತಿದೆ. ವೈದ್ಯರು ಮೊದಲ ಸಲ ತಪಾಸಣೆ ಮಾಡಿದ ಹೊತ್ತಿನಿಂದ ಎಣಿಕೆ ಶುರು. 47ನೇ ಗಂಟೆಯಲ್ಲಿ ಸತ್ತರೆ ಅದು ಕೆಲಸದಿಂದಾದ ಸಾವು, 49ನೇ ಗಂಟೆಯಲ್ಲಿ ಸತ್ತರೆ ಬರೀ ಕಾಯಿಲೆಯ ಸಾವು. ಮಗುವಿನ ಶಾಲೆಯ ಶುಲ್ಕ, ಮನೆಸಾಲದ ಕಂತು ಎಲ್ಲವೂ ಆ ಎರಡು ಗಂಟೆಗಳ ನಡುವೆ ನಿಂತಿವೆ. ಕೊಳವೆ ತೆಗೆಯಿರಿ ಎಂದು ಯಾರು ಹೇಳಬೇಕು? ತೆಗೆಯಬೇಡಿ ಎಂದು ಹೇಳುವ ಧೈರ್ಯ ಯಾರಿಗಿದೆ? ಚೀನಾದ ಪತ್ರಿಕೆಗಳಲ್ಲಿ, ವಕೀಲರ ಬರಹಗಳಲ್ಲಿ ಈ '48 ಗಂಟೆ'ಯ ಚರ್ಚೆ ವರ್ಷಗಳಿಂದ ನಡೆದಿದೆ. ಮಿತಿ ತೆಗೆಯಿರಿ ಎಂಬ ಬೇಡಿಕೆ ಸಂಸತ್ತಿನ ವಾರ್ಷಿಕ ಅಧಿವೇಶನದ ಹೊತ್ತಿಗೆ ಮತ್ತೆ ಮತ್ತೆ ಏಳುತ್ತದೆ. ಸರ್ಕಾರದ ಕಡೆಯ ವಾದವೂ ಸುಳ್ಳಲ್ಲ. ಕಾಯಿಲೆಯ ಸಾವಿಗೂ ಕೆಲಸಕ್ಕೂ ನಂಟು ಸಾಬೀತು ಮಾಡುವುದು ಕಷ್ಟ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ದಣಿವು ಅಳೆಯಲು ಬರುವುದಿಲ್ಲ ಎಂದು ಗಡಿಯಾರವನ್ನು ಅಳತೆಗೋಲು ಮಾಡಿದರೆ, ಆ ಗೋಲು ಸತ್ತವನನ್ನು ಬಿಟ್ಟು ಬದುಕಿರುವವರನ್ನು ಅಳೆಯಲು ಹೊರಡುತ್ತದೆ.

'ಕೆಲಸದ ಜಾಗ' ಎಂದರೆ ಯಾವುದು ಎನ್ನುವುದಕ್ಕೂ ಜಗಳವಿದೆ. ಹೈನಾನ್ ದ್ವೀಪದ ಹೈಕೋ ನಗರದ ಒಬ್ಬ ಶಿಕ್ಷಕರು 2011ರಲ್ಲಿ ರಾತ್ರಿ ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಾ ತೀರಿಕೊಂಡರು. ಶಾಲೆಯ ಕೆಲಸ, ಆದರೆ ಶಾಲೆಯ ಗೋಡೆಯ ಹೊರಗೆ. ಅದನ್ನೂ ಕೆಲಸದಿಂದಾದ ಸಾವೆಂದೇ ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯದ ತೀರ್ಮಾನ ಬರುವಾಗ 2017. ಶಿಕ್ಷಕರ ಮನೆಯವರಿಗೆ ನ್ಯಾಯಾಲಯ ಹತ್ತುವ ತ್ರಾಣವಿತ್ತು. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಫೋನ್ ಹಿಡಿದು ಕಚೇರಿಯ ವಿಚಾಟ್ ಗುಂಪಿಗೆ ಉತ್ತರ ಕೊಡುವ ಎಲ್ಲರಿಗೂ ಅದು ಇರುವುದಿಲ್ಲ.

ಅತಿದುಡಿಮೆಯ ಸಾವಿಗೆ ಚೀನೀ ಭಾಷೆಯಲ್ಲಿ 'ಗುವೊಲಾವ್‌ಸಿ' ಎನ್ನುತ್ತಾರೆ. ಜಪಾನಿನ 'ಕರೋಶಿ'ಯಿಂದ ಬಂದ ಮಾತು, ಬರೆಯುವ ಅಕ್ಷರಗಳೂ ಅವೇ. ಜಪಾನ್ ಅದಕ್ಕೆ ಕಾನೂನಿನಲ್ಲಿ ಜಾಗ ಕೊಟ್ಟಿತು, ಚೀನಾ ಕೊಟ್ಟಿಲ್ಲ. ಪದ ಬೀದಿಯಲ್ಲಿದೆ, ನಿಯಮಾವಳಿಯಲ್ಲಿಲ್ಲ.

ಬೀದಿಗೆ ಅದು ಜೋರಾಗಿ ಬಂದದ್ದು 2019ರಲ್ಲಿ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ಎಂಬ ತಂತ್ರಜ್ಞಾನ ಕಂಪನಿಗಳ ರೂಢಿಗೆ '996' ಎಂದು ಹೆಸರು. ಆ ವರ್ಷದ ಮಾರ್ಚ್‌ನಲ್ಲಿ ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ '996.ಐಸಿಯು' ಎಂಬ ಪುಟ ತೆರೆದರು. 996 ಮಾಡಿದರೆ ಮುಂದಿನ ನಿಲ್ದಾಣ ಐಸಿಯು ಎಂಬ ವ್ಯಂಗ್ಯ. ಮರುತಿಂಗಳೇ ಅಲಿಬಾಬಾದ ಜ್ಯಾಕ್ ಮಾ, 996 ಮಾಡುವ ಅವಕಾಶ ಸಿಗುವುದು ಒಂದು ಭಾಗ್ಯ ಎಂಬರ್ಥದ ಮಾತಾಡಿದರು. ಅವರು ಬಳಸಿದ ಪದಕ್ಕೆ ಬೌದ್ಧರ ಪುಣ್ಯಫಲದ ಛಾಯೆಯಿದೆ. ಅಂದಿನಿಂದ ಚೀನಾದ ನೌಕರರ ಬಾಯಲ್ಲಿ 'ಪುಣ್ಯಫಲ' ಎಂದರೆ ಓವರ್‌ಟೈಮ್. ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 44 ಗಂಟೆ, ತಿಂಗಳಿಗೆ ಹೆಚ್ಚೆಂದರೆ 36 ಗಂಟೆ ಹೆಚ್ಚುವರಿ ಕೆಲಸ. ಇದು 1995ರಿಂದಲೂ ಪುಸ್ತಕದಲ್ಲಿದೆ. 996 ಕಾನೂನುಬಾಹಿರ ಎಂದು ಸರ್ವೋಚ್ಚ ನ್ಯಾಯಾಲಯ ಮತ್ತು ಕಾರ್ಮಿಕ ವಿಷಯಗಳ ಸಚಿವಾಲಯ ಒಟ್ಟಾಗಿ ಬಾಯಿಬಿಟ್ಟು ಹೇಳಿದ್ದು 2021ರ ಆಗಸ್ಟ್‌ನಲ್ಲಿ.

ಅದಕ್ಕೆ ಎಂಟು ತಿಂಗಳು ಮುಂಚೆ, 2020ರ ಡಿಸೆಂಬರ್ ಕೊನೆಯಲ್ಲಿ, ಶಿನ್‌ಜಿಯಾಂಗ್‌ನ ಉರುಮ್‌ಚಿಯಲ್ಲಿ ಪಿನ್‌ಡುವೊಡುವೊ ಕಂಪನಿಯ ಇಪ್ಪತ್ತರ ಹರೆಯದ ನೌಕರಳೊಬ್ಬಳು ಮಧ್ಯರಾತ್ರಿ ದಾಟಿದ ಮೇಲೆ ಕೆಲಸ ಮುಗಿಸಿ ಮನೆಗೆ ನಡೆಯುತ್ತಾ ಕುಸಿದು ಸತ್ತಿದ್ದಳು. ಸುದ್ದಿ ಹೊರಬಿದ್ದಾಗ ಝಿಹು ಜಾಲತಾಣದಲ್ಲಿ ಕಂಪನಿಯ ಅಧಿಕೃತ ಖಾತೆಯಿಂದ ಒಂದು ಉತ್ತರ ಬಂತು: ಕೆಳಗಿನ ಜನರನ್ನು ನೋಡಿ, ಜೀವ ಕೊಟ್ಟು ದುಡ್ಡು ತಗೊಳ್ಳದವರು ಯಾರಿದ್ದಾರೆ ಎನ್ನುವ ಧಾಟಿಯದು. ಕಂಪನಿ ಮೊದಲು ತನ್ನದಲ್ಲ ಎಂದಿತು. ಖಾತೆ ಅವರದೇ ಎಂದು ಝಿಹು ಖಚಿತಪಡಿಸಿತು. ಆ ವಾಕ್ಯದ ಕ್ರೌರ್ಯಕ್ಕಿಂತ ಅದರ ನಿಜವೇ ಜನರನ್ನು ಹೆಚ್ಚು ಕೆರಳಿಸಿರಬೇಕು. ಎಲ್ಲರೂ ಒಳಗೊಳಗೇ ಹೇಳಿಕೊಳ್ಳುತ್ತಿದ್ದದ್ದನ್ನು ಯಜಮಾನನೇ ಹೇಳಿಬಿಟ್ಟಿದ್ದ.

ಈ 996 ನಮ್ಮ ಊರಿಗೂ ಬಂದಿದೆ, ಬೇರೆ ವೇಷದಲ್ಲಿ. ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರಲ್ಲಿ ಬೆಂಗಳೂರಿನ ಎನ್. ಆರ್. ನಾರಾಯಣ ಮೂರ್ತಿ ಹೇಳಿದರು. ಎರಡು ವರ್ಷಗಳ ಮೇಲೆ ಅದೇ ಮಾತಿಗೆ ಚೀನಾದ 9-9-6ನ್ನೇ ಉದಾಹರಣೆ ಕೊಟ್ಟರು. 90 ಗಂಟೆಯ ಮಾತಾಡಿದ ಎಲ್ ಅಂಡ್ ಟಿ ಮುಖ್ಯಸ್ಥರೂ ಚೀನಾದವರನ್ನೇ ಸಾಕ್ಷಿಗೆ ಕರೆದಿದ್ದರು. ಚೀನಾದ ನ್ಯಾಯಾಲಯವೇ ತಪ್ಪೆಂದು ಹೇಳಿದ್ದನ್ನು ನಾವು ಮಾದರಿ ಎಂದು ತರಿಸಿಕೊಳ್ಳುತ್ತಿದ್ದೇವೆ, ಅದೂ ಅಲ್ಲಿನ ಹುಡುಗರು ಬೇಡವೆಂದು ಬಿಸಾಡುತ್ತಿರುವ ಹೊತ್ತಿಗೆ.

ಈಗ ನೌಕರನೇ ಅಲ್ಲದವನ ಕಡೆಗೆ ಬರೋಣ. 2020ರ ಡಿಸೆಂಬರ್ 21ರಂದು ಬೀಜಿಂಗ್‌ನಲ್ಲಿ ಎಲೆ.ಮ ಕಂಪನಿಗೆ ಊಟ ತಲುಪಿಸುತ್ತಿದ್ದ 43 ವರ್ಷದ ಡೆಲಿವರಿ ಕಾರ್ಮಿಕ ಕೆಲಸದ ನಡುವೆಯೇ ಸತ್ತ. ಅವನಿಗೂ ನಮಗೂ ನೌಕರಿಯ ಸಂಬಂಧ ಇಲ್ಲ ಎಂದಿತು ಕಂಪನಿ. ಮಾನವೀಯತೆಯ ಮೇರೆಗೆ 2,000 ಯುವಾನ್ ಕೊಡುತ್ತೇವೆ, ವಿಮೆಯಿಂದ 30,000 ಬರುತ್ತದೆ ಎಂದಿತು. ಊರೆಲ್ಲ ಉಗಿದ ಮೇಲೆ ಅದು 6 ಲಕ್ಷವಾಯಿತು. 2,000, 30,000, 6 ಲಕ್ಷ. ಪಕ್ಕದಲ್ಲಿ ಕಾಯಂ ನೌಕರನಾಗಿದ್ದರೆ ಸಿಗಬಹುದಾಗಿದ್ದ ಮೊತ್ತವನ್ನು ಇಟ್ಟು ನೋಡಿ. ಇವೆಲ್ಲವೂ ಒಬ್ಬನೇ ಮನುಷ್ಯನ ಬೆಲೆಗಳು. ಯಾವುದು ಅಂಟಿಕೊಳ್ಳುತ್ತದೆ ಎನ್ನುವುದು ಅವನು ಸಹಿ ಹಾಕಿದ ಅಥವಾ ಹಾಕದೇ ಇದ್ದ ಕಾಗದಕ್ಕೆ ಬಿಟ್ಟದ್ದು.

ಚೀನಾದಲ್ಲಿ ಹೀಗೆ ಕಾಯಂ ಅಲ್ಲದ ಕೆಲಸಗಳಲ್ಲಿರುವವರು ಸುಮಾರು 20 ಕೋಟಿ ಎಂದು ಸರ್ಕಾರವೇ ಹೇಳಿದೆ. ಮೆಯ್‌ತ್ವಾನ್ ಒಂದೇ ಕಂಪನಿಯ ಆ್ಯಪ್ ಮೂಲಕ 2023ರಲ್ಲಿ ಸಂಪಾದನೆ ಮಾಡಿದ ಡೆಲಿವರಿಯವರು 74.5 ಲಕ್ಷ. ಬೀಜಿಂಗ್‌ನ ಕಾರ್ಮಿಕ ವಿಷಯಗಳ ಅಧಿಕಾರಿಯೊಬ್ಬರು 2021ರಲ್ಲಿ ತಾವೇ ಒಂದು ದಿನ ಡೆಲಿವರಿಗೆ ಇಳಿದರು. 12 ಗಂಟೆ ಓಡಾಡಿ 41 ಯುವಾನ್ ಸಂಪಾದಿಸಿ, ರಸ್ತೆ ಬದಿಯಲ್ಲಿ ಕುಸಿದು ಕೂತರು. ಟಿವಿಯಲ್ಲಿ ಅದನ್ನು ನೋಡಿ ನಕ್ಕವರೂ ಇದ್ದರು, ಬೈದವರೂ ಇದ್ದರು. ಮರುವರ್ಷ ಜುಲೈನಲ್ಲಿ ಏಳು ಪ್ರಾಂತ ಮತ್ತು ನಗರಗಳಲ್ಲಿ ಇಂಥ ಕೆಲಸಗಾರರಿಗಾಗಿ ಪ್ರಾಯೋಗಿಕ ಗಾಯದ ವಿಮೆ ಶುರುವಾಯಿತು. ಪ್ರತಿ ಆರ್ಡರ್‌ಗೆ ಇಷ್ಟು ಎಂದು ಕಂಪನಿ ಕಟ್ಟಬೇಕು, ನೌಕರಿಯ ಸಂಬಂಧ ಸಾಬೀತು ಮಾಡಬೇಕಿಲ್ಲ. ಒಳ್ಳೆಯ ದಾರಿ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ ಮಾಡಿದ ಕಾನೂನಿನಲ್ಲೂ ಪ್ರತಿ ವಹಿವಾಟಿನಿಂದ ಒಂದು ಪಾಲು ಕಲ್ಯಾಣ ನಿಧಿಗೆ ಎನ್ನುವ ಇಂಥದ್ದೇ ಯೋಚನೆಯಿದೆ.

ಕಾಗದ ಇಲ್ಲದಿದ್ದರೆ ಮನುಷ್ಯ ಎಲ್ಲಿಯವರೆಗೆ ಹೋಗಬೇಕಾಗುತ್ತದೆ ಎನ್ನುವುದಕ್ಕೆ ಹೆನಾನ್ ಪ್ರಾಂತದ ಒಬ್ಬ ಕಾರ್ಮಿಕನ ಕತೆ ಸಾಕು. ಕಾರ್ಖಾನೆಯ ಧೂಳು ಕುಡಿದು ಅವನ ಶ್ವಾಸಕೋಶ ಕೆಟ್ಟಿತ್ತು. ಔದ್ಯೋಗಿಕ ಕಾಯಿಲೆ ಎಂಬ ಪ್ರಮಾಣಪತ್ರ ಬೇಕಾದರೆ ಮಾಲೀಕನೇ ದಾಖಲೆ ಕೊಡಬೇಕು, ಅವನು ಕೊಡಲೊಲ್ಲ. ಅಧಿಕೃತ ಕೇಂದ್ರ ಕ್ಷಯ ಎಂಬಂತೆ ಬರೆದುಕೊಟ್ಟಿತು. 2009ರಲ್ಲಿ ಆ ಮನುಷ್ಯ ಬೇರೆ ಆಸ್ಪತ್ರೆಗೆ ಹೋಗಿ, ವೈದ್ಯರು ಬೇಡವೆಂದರೂ ಕೇಳದೆ, ಎದೆ ಸೀಳಿ ನೋಡಿ ಎಂದು ಹಟ ಹಿಡಿದ. ಸೀಳಿದರು. ಒಳಗೆ ಕಾರ್ಖಾನೆಯ ಧೂಳೇ ಇತ್ತು. ಆಮೇಲೆ ಪರಿಹಾರ ಸಿಕ್ಕಿತು. 'ಎದೆ ತೆರೆದು ಶ್ವಾಸಕೋಶದ ತಪಾಸಣೆ' ಎಂಬ ಅಂದಿನ ಮಾತು ಚೀನೀ ಪತ್ರಿಕಾಭಾಷೆಯಲ್ಲಿ ಉಳಿದುಬಿಟ್ಟಿತು. ನಾನು ಇಲ್ಲಿ ದುಡಿದಿದ್ದೇನೆ ಎಂದು ತೋರಿಸಲು ಅವನ ಬಳಿ ಇದ್ದ ಒಂದೇ ಹಾಜರಿ ಪುಸ್ತಕ ಆ ಶ್ವಾಸಕೋಶ.

ಹೀಗೇ ಇರಲಿಲ್ಲ ಮೊದಲು ಎನ್ನುವವರಿದ್ದಾರೆ. ನಗರದ ಹಿರಿಯರು 'ದಾನ್‌ವೇ' ಕಾಲವನ್ನು ನೆನೆಯುತ್ತಾರೆ. ದಾನ್‌ವೇ ಎಂದರೆ ಕೆಲಸದ ಘಟಕ: ಕಾರ್ಖಾನೆ, ಶಾಲೆ, ಕಚೇರಿ. ಕೆಲಸ ಮಾತ್ರವಲ್ಲ, ಮನೆ, ಆಸ್ಪತ್ರೆ, ಮದುವೆಗೆ ಒಪ್ಪಿಗೆಯ ಪತ್ರ, ಕೊನೆಗೆ ಸಾವಿನ ಸಭೆ ಎಲ್ಲವೂ ಅಲ್ಲಿಂದಲೇ. ಸತ್ತವರಿಗೆ ಘಟಕವೇ ಸಂತಾಪಸಭೆ ನಡೆಸುತ್ತಿತ್ತು, ಮೇಲಧಿಕಾರಿ ಎದ್ದು ನಿಂತು ಅವರ ಜೀವನದ ಮೌಲ್ಯಮಾಪನ ಓದುತ್ತಿದ್ದ. ಕಾಮ್ರೇಡ್ ಇಂಥವರು ಶ್ರದ್ಧೆಯಿಂದ ದುಡಿದರು ಎಂಬ ಆ ಒಂದು ಸಾಲಿಗೆ ಮನೆಯವರು ಕಾಯುತ್ತಿದ್ದರು. ಅಲ್ಲೂ ದರ್ಜೆಗಳಿದ್ದವು. ಬೀಜಿಂಗ್‌ನ ಬಾಬಾವ್‌ಶಾನ್ ಕ್ರಾಂತಿಕಾರಿಗಳ ಸ್ಮಶಾನದಲ್ಲಿ ಯಾರಿಗೆ ಜಾಗ ಎನ್ನುವುದು ಹುದ್ದೆಯ ಮೇಲೆ. 1956ರ ಏಪ್ರಿಲ್‌ನಲ್ಲಿ ಹಲವು ನಾಯಕರು ಸೇರಿ ನಮ್ಮನ್ನು ಸುಡಿ, ಹೂಳಬೇಡಿ ಎಂಬ ಪ್ರತಿಜ್ಞೆಗೆ ಸಹಿ ಹಾಕಿದರು. ಸಹಿ ಹಾಕಿದ ಮಾವೋ ಇಂದಿಗೂ ತಿಯಾನನ್‌ಮನ್ ಚೌಕದ ಗಾಜಿನ ಪೆಟ್ಟಿಗೆಯಲ್ಲಿದ್ದಾರೆ. ಇತ್ತ 2018ರಲ್ಲಿ ಜಿಯಾಂಗ್‌ಶಿ ಪ್ರಾಂತದ ಹಳ್ಳಿಗಳಲ್ಲಿ ಅದೇ ದಹನ ನೀತಿಯ ಹೆಸರಿನಲ್ಲಿ, ಮುದುಕರು ಬದುಕಿರುವಾಗಲೇ ಉಳಿಸಿದ ದುಡ್ಡಲ್ಲಿ ಮಾಡಿಸಿಟ್ಟುಕೊಂಡಿದ್ದ ಶವಪೆಟ್ಟಿಗೆಗಳನ್ನು ಅಧಿಕಾರಿಗಳು ಎಳೆದೊಯ್ದು ಜೆಸಿಬಿಯಿಂದ ಪುಡಿಮಾಡಿದರು. ಒಯ್ಯಬೇಡಿ ಎಂದು ಪೆಟ್ಟಿಗೆಯೊಳಗೇ ಮಲಗಿಬಿಟ್ಟ ಮುದುಕರೂ ಇದ್ದರು.

ದಾನ್‌ವೇ ಕಾಲ 1990ರ ದಶಕದ ಕೊನೆಯಲ್ಲಿ ಮುರಿದುಬಿತ್ತು. ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗಟ್ಟಲೆ ಜನ ಹೊರಬಿದ್ದರು. 'ಕಬ್ಬಿಣದ ಅನ್ನದ ಬಟ್ಟಲು' ಒಡೆಯಿತು. ಪೂರ್ತಿ ಒಡೆಯಲಿಲ್ಲ ಎನ್ನುವುದೇ ಮುಂದಿನ ಕತೆ. ಸರ್ಕಾರಿ ಇಲಾಖೆ, ಶಾಲೆ, ಆಸ್ಪತ್ರೆಗಳಲ್ಲಿ 'ಬಿಯಾನ್‌ಝಿ' ಎಂಬ ಮಂಜೂರಾದ ಹುದ್ದೆಗಳ ಪಟ್ಟಿ ಉಳಿಯಿತು. ಆ ಪಟ್ಟಿಯಲ್ಲಿ ಹೆಸರು ಬಂದರೆ ಯಾರೂ ಸುಲಭಕ್ಕೆ ತೆಗೆಯುವಂತಿಲ್ಲ. 'ಬ್ರಹ್ಮಾಂಡದ ಕೊನೆಯಲ್ಲಿ ಇರುವುದು ಬಿಯಾನ್‌ಝಿ' ಎಂಬುದು ಈಗಿನ ಹುಡುಗರ ಗಾದೆ. ಎಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ ಎಂದು. 2025ರ ಸಾಲಿನ ರಾಷ್ಟ್ರೀಯ ಆಡಳಿತ ಸೇವಾ ಪರೀಕ್ಷೆಗೆ 34 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಅರ್ಹರಾದರು. ಹುದ್ದೆಗಳು 39,700. ಯುಪಿಎಸ್‌ಸಿ, ಕೆಪಿಎಸ್‌ಸಿ ಎಂದು ವಿಜಯನಗರದ ಕೋಚಿಂಗ್ ಬೀದಿಗಳಲ್ಲಿ ವಯಸ್ಸು ಕಳೆಯುವ ನಮ್ಮ ಹುಡುಗರಿಗೆ ಈ ಅಂಕಿ ಬಿಡಿಸಿ ಹೇಳಬೇಕಿಲ್ಲ.

ಆ ಪರೀಕ್ಷೆಗೆ 35 ವರ್ಷ ಎಂಬ ಮಿತಿಯಿತ್ತು. ಖಾಸಗಿ ಕಂಪನಿಗಳೂ ಅದನ್ನೇ ನೋಡಿ ಕಲಿತವು: 35 ದಾಟಿದವರು ಅರ್ಜಿ ಹಾಕಬೇಡಿ. 35ಕ್ಕೆ ಮಾರುಕಟ್ಟೆ ಮುದುಕ ಎಂದಿತು; ಇತ್ತ ಪಿಂಚಣಿಗೆ ಕಾಯಬೇಕಾದ ವಯಸ್ಸು ಮುಂದಕ್ಕೆ ಹೋಯಿತು. 2024ರ ಸೆಪ್ಟೆಂಬರ್‌ನ ತೀರ್ಮಾನದಂತೆ ಗಂಡಸರ ನಿವೃತ್ತಿ ವಯಸ್ಸು 15 ವರ್ಷಗಳಲ್ಲಿ 60ರಿಂದ 63ಕ್ಕೆ ಏರುತ್ತದೆ. 35ರಿಂದ 63ರವರೆಗೆ ಏನು ಮಾಡಬೇಕು ಎಂದು ಜನ ಕೇಳಿದ್ದಕ್ಕೆ ಸಿಕ್ಕ ಒಂದು ಉತ್ತರ, ಮರುವರ್ಷ ಆಡಳಿತ ಪರೀಕ್ಷೆಯ ಮಿತಿಯನ್ನು 38ಕ್ಕೆ ಏರಿಸಿದ್ದು. ಮೂರು ವರ್ಷ!

2023ರ ವಸಂತದಲ್ಲಿ ಚೀನಾದ ಯುವಕರು ತಮ್ಮ ಸ್ಥಿತಿಗೆ ಸರಿಹೊಂದುವ ಒಬ್ಬ ಮನುಷ್ಯನನ್ನು ಹುಡುಕಿಕೊಂಡರು. ಲು ಶುನ್ 1919ರಲ್ಲಿ ಪ್ರಕಟಿಸಿದ ಪುಟ್ಟ ಕತೆಯ ಕೊಂಗ್ ಯಿಜಿ. ಎಲ್ಲ ಮಕ್ಕಳೂ ಶಾಲೆಯಲ್ಲಿ ಓದಿದ ಪಾಠ. ಹೆಂಡದಂಗಡಿಯಲ್ಲಿ ಗಿಡ್ಡ ಅಂಗಿಯ ಕೂಲಿಗಳು ಕಟ್ಟೆಯ ಬಳಿ ನಿಂತು ಕುಡಿಯುತ್ತಾರೆ, ಉದ್ದ ನಿಲುವಂಗಿಯವರು ಒಳಕೋಣೆಯಲ್ಲಿ ಕೂತು ಕುಡಿಯುತ್ತಾರೆ. ನಿಲುವಂಗಿ ಹಾಕಿಯೂ ನಿಂತು ಕುಡಿಯುವವನು ಕೊಂಗ್ ಯಿಜಿ ಒಬ್ಬನೇ. ಪರೀಕ್ಷೆ ಪಾಸಾಗದ ಪಂಡಿತ. ಹರಿದ ಆ ನಿಲುವಂಗಿಯನ್ನು ಕಳಚಲೊಲ್ಲ. ಚಿಕ್ಕವರಿದ್ದಾಗ ಓದಿ ನಕ್ಕಿದ್ದೆವು, ಈಗ ನೋಡಿದರೆ ಅದು ನಾವೇ ಎಂದು ಪದವೀಧರರು ಬರೆಯತೊಡಗಿದರು. ಆ ವರ್ಷ ಕಾಲೇಜಿನಿಂದ ಹೊರಬಂದವರು 1.158 ಕೋಟಿ. ನಗರಗಳ 16ರಿಂದ 24ರ ವಯಸ್ಸಿನವರ ನಿರುದ್ಯೋಗ ಜೂನ್‌ನಲ್ಲಿ 21.3 ಶೇಕಡಾ ತಲುಪಿತು. ಅದರ ನಂತರ ಸರ್ಕಾರ ಕೆಲವು ತಿಂಗಳು ಆ ಅಂಕಿಯನ್ನೇ ಪ್ರಕಟಿಸಲಿಲ್ಲ. 2024ರ ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಬಿಟ್ಟು ಹೊಸ ಲೆಕ್ಕ ಹಾಕಿ ಮತ್ತೆ ಶುರು ಮಾಡಿತು.

ಸರ್ಕಾರಿ ವಾಹಿನಿ ಸಿಸಿಟಿವಿ ಬುದ್ಧಿ ಹೇಳಿತು: ಕೊಂಗ್ ಯಿಜಿ ಕೆಟ್ಟದ್ದು ಓದಿನಿಂದಲ್ಲ, ಓದಿದವನೆಂಬ ಬಿಗುಮಾನ ಬಿಟ್ಟು ದುಡಿಯಲಾರದೇ ಹೋದದ್ದರಿಂದ. ಹುಡುಗರು ಕೆಂಡವಾದರು. ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ನಿಲುವಂಗಿ ಅವರು ತಾವಾಗಿ ಹೊಲಿಸಿಕೊಂಡದ್ದಲ್ಲ. ಅಪ್ಪ ಅಮ್ಮ ಊರು ಬಿಟ್ಟು ಕಟ್ಟಡದ ಕೆಲಸ ಮಾಡಿ, ಅಜ್ಜಿಯ ಬಳಿ ಬಿಟ್ಟುಹೋದ ಮಗುವಿಗೆ ಹೇಳಿದ್ದು ಒಂದೇ ಮಾತು: ಓದು, ಇಲ್ಲದಿದ್ದರೆ ನಮ್ಮ ಹಾಗೆ ಆಗುತ್ತೀಯ. ಅಂಗಿ ಕಳಚಿ ಗಿಡ್ಡ ಅಂಗಿ ಹಾಕಿಕೋ ಎನ್ನುವವರು, ಗಿಡ್ಡ ಅಂಗಿಯವನು ಸತ್ತಾಗ ಸಿಕ್ಕ 2,000 ಯುವಾನನ್ನು ಆ ಹುಡುಗ ಫೋನಿನಲ್ಲಿ ಓದಿದ್ದಾನೆ ಎನ್ನುವುದನ್ನು ಮರೆತಿದ್ದಾರೆ. ದುಡಿಮೆಗೆ ಮರ್ಯಾದೆಯಿದೆ ಎಂದು ಭಾಷಣ ಮಾಡಬಹುದು. ದರಪಟ್ಟಿ ಬೇರೆಯದನ್ನೇ ಹೇಳುತ್ತದೆ, ಮಕ್ಕಳು ದರಪಟ್ಟಿಯನ್ನು ನಂಬುತ್ತಾರೆ.

'ತಾಂಗ್‌ಪಿಂಗ್', ಅಂದರೆ ಅಂಗಾತ ಮಲಗುವುದು, 2021ರಲ್ಲಿ ಹುಟ್ಟಿದ ಮಾತು. ಮನೆ ಕೊಳ್ಳುವುದಿಲ್ಲ, ಮದುವೆಯಾಗುವುದಿಲ್ಲ, ಬೇಕಾದಷ್ಟೇ ದುಡಿಯುತ್ತೇನೆ. ಸೋಮಾರಿತನ ಎಂದು ಪತ್ರಿಕೆಗಳು ಬೈದವು. ಎದುರಿಗಿರುವ ಪದ 'ನೇಜುವಾನ್'. ಒಳಕ್ಕೇ ಸುರುಳಿ ಸುತ್ತಿಕೊಳ್ಳುವುದು, ಎಲ್ಲರೂ ಹೆಚ್ಚು ಹೆಚ್ಚು ಓಡಿ ಎಲ್ಲರೂ ಅಲ್ಲೇ ಇರುವುದು. 2023ರಲ್ಲಿ ಬೀಜಿಂಗ್‌ನ ಯೊಂಗ್‌ಹೆಗೊಂಗ್ ಲಾಮಾ ದೇವಾಲಯದ ಮುಂದೆ ಯುವಕರ ಸಾಲು ಬೆಳೆದಾಗ ಒಂದು ಚಟಾಕಿ ಹುಟ್ಟಿತು. ಶಾಂಗ್‌ಬಾನ್ ಎಂದರೆ ಕೆಲಸಕ್ಕೆ ಹೋಗುವುದು, ಶಾಂಗ್‌ಜಿನ್ ಎಂದರೆ ಮುಂದೆ ಬರುವುದು, ಶಾಂಗ್‌ಶ್ಯಾಂಗ್ ಎಂದರೆ ಊದುಬತ್ತಿ ಹಚ್ಚುವುದು. ಮೊದಲ ಎರಡರ ನಡುವೆ ಆರಿಸು ಎಂದರೆ ನಾನು ಮೂರನೆಯದನ್ನು ಆರಿಸುತ್ತೇನೆ ಎಂದರು. ಪ್ರಾಸ ಚೆನ್ನಾಗಿದೆ.

ಇದೆಲ್ಲ ಕಾಲೇಜು ಕಂಡವರ ಮಾತು. ಅವರ ಹೆತ್ತವರ ಪೀಳಿಗೆಗೆ ಅಂಗಾತ ಮಲಗುವ ಆಯ್ಕೆಯೂ ಇಲ್ಲ. ಹಳ್ಳಿ ಹುಕೋ ಹಿಡಿದು ಹೊಲದಾಚೆ ದುಡಿಯುವವರು ಸುಮಾರು 30 ಕೋಟಿ. 2023ರಲ್ಲಿ ಅವರ ಸರಾಸರಿ ವಯಸ್ಸು 43.1, ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು 50 ದಾಟಿದವರು. 60 ದಾಟಿದ ಗಂಡಸರನ್ನು ಕಟ್ಟಡದ ಕೆಲಸಕ್ಕೆ ಸೇರಿಸಬೇಡಿ ಎಂದು ಶಾಂಘೈಯಂಥ ನಗರಗಳು ನಿಯಮ ಮಾಡಿವೆ. ಬಿದ್ದು ಸಾಯುವುದು ಬೇಡ ಎಂಬ ಕಾಳಜಿ. ಆದರೆ ಊರಿಗೆ ಹೋದರೆ? ಹಳ್ಳಿಯವರಿಗೂ ನಗರದ ನೌಕರಿ ಇಲ್ಲದವರಿಗೂ ಇರುವ ಮೂಲ ಪಿಂಚಣಿಯ ಕೇಂದ್ರದ ಕನಿಷ್ಠ ಮಟ್ಟ 2025ರಲ್ಲಿ ತಿಂಗಳಿಗೆ 143 ಯುವಾನ್. ಪ್ರಾಂತಗಳು ಸೇರಿಸಿ ಕೊಟ್ಟರೂ ಹೆಚ್ಚಿನವರಿಗೆ ಇನ್ನೂರರ ಆಸುಪಾಸು. ನಿವೃತ್ತ ಸರ್ಕಾರಿ ನೌಕರನಿಗೆ ಅದು ಸಾವಿರಗಳಲ್ಲಿ. ಕೂದಲಿಗೆ ಬಣ್ಣ ಹಚ್ಚಿ, ವಯಸ್ಸು ಮುಚ್ಚಿಟ್ಟು ಕೆಲಸ ಕೇಳುವ ಮುದುಕರ ಚಿತ್ರಗಳು ಚೀನಾದ ಪತ್ರಿಕೆಗಳಲ್ಲೇ ಬಂದಿವೆ.

2022ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಕೋವಿಡ್ ತಗುಲಿದವರ ಓಡಾಟದ ಪಟ್ಟಿಗಳನ್ನು ಆಡಳಿತ ಪ್ರಕಟಿಸುತ್ತಿತ್ತು. ಒಬ್ಬರ ಪಟ್ಟಿಯಲ್ಲಿ ಹಿಮದ ಮೇಲಿನ ಜಾರಾಟ, ದುಬಾರಿ ಅಂಗಡಿ. ಇನ್ನೊಬ್ಬನ ಪಟ್ಟಿಯಲ್ಲಿ ಬರೀ ರಾತ್ರಿಗಳು: ಮಧ್ಯರಾತ್ರಿ ಒಂದು ಕಡೆ ಮರಳಿನ ಚೀಲ, ಎರಡು ಗಂಟೆಗೆ ಇನ್ನೊಂದು ಕಡೆ ಕಟ್ಟಡದ ಕಸ, ನಸುಕಿನಲ್ಲಿ ಮತ್ತೊಂದು ಕಡೆ. ಹದಿನೆಂಟು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾಗ. 44 ವರ್ಷದ ಮನುಷ್ಯ. ಜನ ಅವನನ್ನು 'ಪಟ್ಟಿಯಲ್ಲಿ ಕಂಡ ಅತ್ಯಂತ ಕಷ್ಟಜೀವಿ' ಎಂದರು. ವಿಚಾರಿಸಿದಾಗ ತಿಳಿದದ್ದು, ಅವನು ಶಾಂಡೊಂಗ್‌ನಿಂದ ಬಂದದ್ದು ಕಾಣೆಯಾದ ಹಿರಿಮಗನನ್ನು ಹುಡುಕಲು. ಆ ಹುಡುಗ 2020ರ ಆಗಸ್ಟ್‌ನಲ್ಲಿ ದುಡಿಯುತ್ತಿದ್ದ ಊರಿನಿಂದಲೇ ಕಾಣೆಯಾಗಿದ್ದ. ಹಗಲು ಹುಡುಕಾಟ, ರಾತ್ರಿ ಕೂಲಿ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಕೈ ಮುರಿದುಕೊಂಡ ತಾಯಿ. ಅಯ್ಯೋ ಪಾಪ ಎಂದ ಪತ್ರಕರ್ತರಿಗೆ ಅವನು, ನನಗೆ ನಾನು ಪಾಪದವನು ಅನ್ನಿಸುವುದಿಲ್ಲ, ಕದ್ದಿಲ್ಲ, ದೋಚಿಲ್ಲ, ಕೈಯಿಂದ ದುಡಿಯುತ್ತಿದ್ದೇನೆ ಎಂಬರ್ಥದಲ್ಲಿ ಉತ್ತರ ಕೊಟ್ಟ.

ಎರಡು ದಿನದ ಮೇಲೆ ಅವನ ಜಿಲ್ಲೆಯ ಪೊಲೀಸರು ಪ್ರಕಟಣೆ ಹೊರಡಿಸಿದರು. ಮಗ ಕಾಣೆಯಾದ ತಿಂಗಳಲ್ಲೇ ಒಂದು ಶವ ಸಿಕ್ಕಿತ್ತು, ಡಿಎನ್‌ಎ ಹೊಂದಿದೆ, ಅದು ಅವನ ಮಗನದೇ. ತಂದೆ ಒಪ್ಪಲಿಲ್ಲ. ಆ ಶವ ನನ್ನ ಮಗನದಲ್ಲ ಎಂದು ಅವನು ಮೊದಲಿನಿಂದಲೂ ಹೇಳುತ್ತಲೇ ಇದ್ದ.